ಕಾಣೆಯಾದ ಡಿಸೆಂಬರ್ 31

ಪರೀಕ್ಷೆಗೆ ಇನ್ನು ಹತ್ತೇ ದಿನವಿತ್ತು. ನಮ್ಮ ಎದುರು ಮನೆಯ ಹುಡುಗಿ, ಬಿ.ಕಾಂ. ಎರಡನೇ ವರ್ಷದವಳು, ಹಾಲ್ ಟಿಕೆಟ್ ತರಲು ಕಾಲೇಜಿಗೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಬರಿಗೈಯಲ್ಲಿ ವಾಪಸು ಬಂದಳು. ಎರಡನೇ ಕಂತಿನ ಶುಲ್ಕ ಕಟ್ಟಿಲ್ಲವಂತೆ. ಕಟ್ಟುವವರೆಗೆ ಹಾಲ್ ಟಿಕೆಟ್ ಇಲ್ಲವಂತೆ.

ಅವಳ ತಂದೆಗೆ ಆಶ್ಚರ್ಯ. ಶುಲ್ಕ ಕಟ್ಟಲು ಕೊನೆಯ ದಿನವಾಗಿದ್ದ ಡಿಸೆಂಬರ್ 31ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಸರದಿಯಲ್ಲಿ ನಿಂತು ಹಣ ಕಟ್ಟಿ ಬಂದವರು ಅವರೇ. ಮಾರನೆಯ ದಿನ ರಸೀದಿ ಹಿಡಿದು ಕಾಲೇಜಿಗೆ ಹೋದರು. ಕೌಂಟರಿನಲ್ಲಿದ್ದ ಗುಮಾಸ್ತರು ರಸೀದಿ ನೋಡಿದರು, ಪರದೆ ನೋಡಿದರು. "ರಸೀದಿ ಸರಿಯಾಗೇ ಇದೆ ಯಜಮಾನ್ರೇ, ಆದ್ರೆ ಕಂಪ್ಯೂಟರ್‌ನಲ್ಲಿ ಇಲ್ವಲ್ಲ! ನಾನೇನು ಮಾಡ್ಲಿ?" ಎಂದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಇನ್ನಿಬ್ಬರು ತಮ್ಮ ರಸೀದಿಗಳನ್ನೂ ಮುಂದೆ ಚಾಚಿದರು. ಮೂರರ ಮೇಲೂ ಒಂದೇ ತಾರೀಖು: ಡಿಸೆಂಬರ್ 31.

ಒಬ್ಬರ ಹಣ ಕಾಣೆಯಾದರೆ ಗುಮಾಸ್ತರು ಬರೆಯಲು ಮರೆತರು ಎನ್ನಬಹುದು. ಇಡೀ ಒಂದು ದಿನವೇ ಕಾಣೆಯಾದರೆ? ಆ ದಿನ ಎಲ್ಲಿಗೆ ಹೋಯಿತು, ಮತ್ತೆ ಹೇಗೆ ಸಿಕ್ಕಿತು ಎಂಬುದನ್ನು ಈ ವಾರ ನೋಡೋಣ. ಕಂಪ್ಯೂಟರ್ ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಕೈ ಹಾಕಬೇಕಾಗಿ ಬರುವ ಕೆಲಸವೊಂದು ಈ ಘಟನೆಯ ಹಿಂದಿದೆ. ತುಂಬಾ ದೊಡ್ಡದಾದ ಟೇಬಲ್ ಒಂದನ್ನು ಭಾಗಗಳಾಗಿ ಒಡೆದು, ಅದರ ಮಾಹಿತಿಯನ್ನು ಮತ್ತೆ ತುಂಬುವುದೇ ಆ ಕೆಲಸ.

ಅಂಗಡಿಯ ಪುಸ್ತಕ, ಕಂಪ್ಯೂಟರಿನ ಟೇಬಲ್

ಮಾಹಿತಿಯನ್ನು ಅಡ್ಡಸಾಲು ಮತ್ತು ಕಾಲಂಗಳಿರುವ ಟೇಬಲ್‌ಗಳ ರೂಪದಲ್ಲಿ ಇಡುವ ಪದ್ಧತಿಗೆ ತಳಹದಿ ಹಾಕಿದವರು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇಂದಿನ ಬಹುಪಾಲು ಡೇಟಾಬೇಸ್‌ಗಳ ಮೂಲ. ಆದರೆ ಸಾಲು ಮತ್ತು ಕಾಲಂಗಳ ಲೆಕ್ಕ ನಮ್ಮ ಅಂಗಡಿ ಸಾಹುಕಾರರಿಗೆ ಹೊಸದೇನಲ್ಲ. ಕಿರ್ದಿ ಪುಸ್ತಕದಲ್ಲಿ ತಾರೀಖು, ಹೆಸರು, ಬಾಬ್ತು, ಮೊತ್ತ ಎಂದು ಗೆರೆ ಹಾಕಿ ಅವರು ಬರೆಯುತ್ತಿದ್ದುದೂ ಟೇಬಲ್ಲೇ.

ಆ ಸಾಹುಕಾರರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ದೀಪಾವಳಿ ಬಂತೆಂದರೆ ಹಳೆಯ ಪುಸ್ತಕ ಕಟ್ಟಿಟ್ಟು, ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಹಿಂದಿನ ಶಿಲ್ಕನ್ನು ಮೊದಲ ಪುಟಕ್ಕೆ ತಂದು ಹೊಸ ಲೆಕ್ಕ ಆರಂಭಿಸುತ್ತಿದ್ದರು. ಹತ್ತು ವರ್ಷದ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುವ ಹುಚ್ಚು ಯಾರಿಗೂ ಇರಲಿಲ್ಲ. ಆ ಪುಸ್ತಕವನ್ನು ಎತ್ತುವುದೇ ಕಷ್ಟ. ಹಳೆಯದನ್ನು ಅಟ್ಟಕ್ಕೆ ಹಾಕಬೇಕೆಂದರೆ ಹೊಸದೂ ಅಟ್ಟಕ್ಕೆ ಹೋಗುತ್ತದೆ!

ಡೇಟಾಬೇಸ್‌ನಲ್ಲಿ ಪಾರ್ಟಿಷನ್ ಎಂದರೆ ಇದೇ. ಹೊರಗಿನಿಂದ ನೋಡುವವರಿಗೆ ಒಂದೇ ಟೇಬಲ್, ಒಂದೇ ಹೆಸರು. ಒಳಗೆ ಮಾತ್ರ 2021ರ ಸಾಲುಗಳು ಒಂದು ಕಡೆ, 2022ರವು ಇನ್ನೊಂದು ಕಡೆ. ಹೊಸ ಸಾಲು ಬಂದಾಗ ಅದರ ತಾರೀಖು ನೋಡಿ ಯಾವ ಭಾಗಕ್ಕೆ ಸೇರಿಸಬೇಕೆಂದು ಡೇಟಾಬೇಸೇ ತೀರ್ಮಾನಿಸುತ್ತದೆ. ಒರಾಕಲ್ ತನ್ನ ಎಂಟನೇ ಆವೃತ್ತಿಯಲ್ಲಿ, 1997ರಲ್ಲಿ ಈ ಸೌಲಭ್ಯ ತಂದಿತು. ಉಚಿತವಾಗಿ ಸಿಗುವ ಮೈಎಸ್‌ಕ್ಯುಎಲ್‌ಗೆ ಅದು 2008ರಲ್ಲಿ ಬಂತು. ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು ಸುತ್ತುಬಳಸಿ ಮಾಡಬೇಕಾಗಿದ್ದ ಈ ಕೆಲಸ 2017ರ ಹತ್ತನೇ ಆವೃತ್ತಿಯಿಂದ ನೇರವಾಯಿತು.

ಇಂಡೆಕ್ಸ್ ಸಾಲದೇ?

ಕಳೆದ ವಾರ ಇಂಡೆಕ್ಸ್ ಬಗ್ಗೆ ಓದಿದ ವಿದ್ಯಾರ್ಥಿಗಳು ಈಗ ಒಂದು ಪ್ರಶ್ನೆ ಕೇಳಬಹುದು. ಇಂಡೆಕ್ಸ್ ಇದ್ದ ಮೇಲೆ ಟೇಬಲ್ ಎಷ್ಟು ದೊಡ್ಡದಾದರೇನು? ಬೇಕಾದ ಸಾಲು ಬೇಗ ಸಿಗುತ್ತದಲ್ಲ?

ಪ್ರಶ್ನೆ ಸರಿಯಾಗಿಯೇ ಇದೆ. ಇಂದಿನ ಇಂಡೆಕ್ಸ್‌ಗಳು ಹೆಚ್ಚಾಗಿ ಬಿ-ಟ್ರೀ ಎಂಬ ರಚನೆಯವು. ಬೋಯಿಂಗ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ 1970ರ ಸುಮಾರಿಗೆ ಇದನ್ನು ರೂಪಿಸಿದರು. ಇಂಡೆಕ್ಸಿನ ಒಂದು ಪುಟದಲ್ಲಿ 200 ನಮೂದುಗಳು ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. ಮೂರು ಪುಟ ತಿರುವಿದರೆ 200ರ ಘನ, ಅಂದರೆ 80 ಲಕ್ಷ ಸಾಲುಗಳಲ್ಲಿ ಒಂದನ್ನು ಹಿಡಿಯಬಹುದು. ನಾಲ್ಕು ಪುಟ ತಿರುವಿದರೆ 160 ಕೋಟಿ ಸಾಲುಗಳಲ್ಲಿ ಒಂದು! ಆದ್ದರಿಂದ "ನನ್ನ ರಿಜಿಸ್ಟರ್ ನಂಬರಿನ ಅಂಕ ಎಷ್ಟು?" ಎಂಬಂಥ ಪ್ರಶ್ನೆಗೆ ಪಾರ್ಟಿಷನ್‌ನಿಂದ ಹೆಚ್ಚಿನ ಲಾಭವಿಲ್ಲ. ಟೇಬಲ್ ಒಡೆದ ಕೂಡಲೇ ಎಲ್ಲವೂ ವೇಗವಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಹಾಗಾದರೆ ಲಾಭ ಎಲ್ಲಿ? ಒಂದು ಕಾಲ್ಪನಿಕ ಟೇಬಲ್ ನೋಡೋಣ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ವರ್ಷಕ್ಕೆ 8 ಲಕ್ಷ ಮಕ್ಕಳು ಕೂರುತ್ತಾರೆಂದು ಇಟ್ಟುಕೊಳ್ಳೋಣ. ತಲಾ ಆರು ವಿಷಯ. ಒಂದು ವಿಷಯದ ಅಂಕಕ್ಕೆ ಒಂದು ಸಾಲಿನಂತೆ ವರ್ಷಕ್ಕೆ 48 ಲಕ್ಷ ಸಾಲು. ಹತ್ತು ವರ್ಷಕ್ಕೆ 4 ಕೋಟಿ 80 ಲಕ್ಷ.

ಈಗ "ಈ ವರ್ಷ ಗಣಿತದಲ್ಲಿ ಜಿಲ್ಲಾವಾರು ಸರಾಸರಿ ಅಂಕ ಎಷ್ಟು?" ಎಂದು ಕೇಳಿ. ಇದಕ್ಕೆ ಒಂದೆರಡು ಸಾಲು ಸಾಲದು, ಲಕ್ಷಗಟ್ಟಲೆ ಸಾಲು ಓದಬೇಕು. ವರ್ಷವಾರು ಭಾಗ ಮಾಡಿದ್ದರೆ ಡೇಟಾಬೇಸ್ ಈ ವರ್ಷದ ಭಾಗವನ್ನು ಮಾತ್ರ ತೆರೆಯುತ್ತದೆ. ಉಳಿದ ಒಂಬತ್ತನ್ನು ಮುಟ್ಟುವುದೂ ಇಲ್ಲ.

ಎರಡನೆಯ ಲಾಭ ಇನ್ನೂ ದೊಡ್ಡದು. ಹತ್ತು ವರ್ಷ ಹಳೆಯ ಸಾಲುಗಳನ್ನು ತೆಗೆಯಬೇಕಾಗಿದೆ. ಒಂದೇ ಟೇಬಲ್ ಆಗಿದ್ದರೆ 'ಡಿಲೀಟ್' ಎಂಬ ಆಜ್ಞೆ ಕೊಡಬೇಕು. ಆಗ ಡೇಟಾಬೇಸ್ 48 ಲಕ್ಷ ಸಾಲುಗಳನ್ನು ಒಂದೊಂದಾಗಿ ಹುಡುಕಿ, ಅಳಿಸಿದ್ದನ್ನು ದಿನಚರಿಯಲ್ಲಿ ಬರೆದುಕೊಂಡು ಸಾಗಬೇಕು. ಪೋಸ್ಟ್‌ಗ್ರೆಸ್‌ನಲ್ಲಂತೂ ಅಳಿಸಿದ ಸಾಲುಗಳು ತಕ್ಷಣ ಜಾಗ ಬಿಟ್ಟುಕೊಡುವುದಿಲ್ಲ. 'ವ್ಯಾಕ್ಯೂಮ್' ಎಂಬ ಕಸ ಗುಡಿಸುವ ಕೆಲಸ ಆಮೇಲೆ ನಡೆಯಬೇಕು. ಭಾಗ ಮಾಡಿದ್ದರೆ ಆ ವರ್ಷದ ಭಾಗವನ್ನೇ 'ಡ್ರಾಪ್' ಮಾಡಿದರಾಯಿತು. ಪುಸ್ತಕದ ಹಾಳೆಗಳನ್ನು ಒಂದೊಂದೇ ಹರಿಯುವುದಕ್ಕೂ ಪುಸ್ತಕವನ್ನೇ ಅಟ್ಟಕ್ಕೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಯಾವುದರ ಮೇಲೆ ಒಡೆಯಬೇಕು?

ಒಡೆಯುವ ಬಗೆಗಳು ಮುಖ್ಯವಾಗಿ ಮೂರು. ತಾರೀಖಿನಂಥ ವ್ಯಾಪ್ತಿಯ ಮೇಲೆ ಒಡೆಯುವುದು ಒಂದು. ಜಿಲ್ಲೆ, ವಿಭಾಗ ಹೀಗೆ ಪಟ್ಟಿಯ ಮೇಲೆ ಒಡೆಯುವುದು ಎರಡು. ಸಂಖ್ಯೆಯೊಂದಕ್ಕೆ ಗಣಿತದ ಸೂತ್ರ ಹಚ್ಚಿ, ಬಂದ ಉತ್ತರದ ಪ್ರಕಾರ ಸಮವಾಗಿ ಹಂಚುವುದು ಮೂರು.

ಯಾವುದು ಒಳ್ಳೆಯದು? ನೀವು ಆ ಟೇಬಲ್ಲಿಗೆ ಪದೇ ಪದೇ ಕೇಳುವ ಪ್ರಶ್ನೆ ಯಾವುದು ಎಂಬುದನ್ನು ನೋಡಿ ತೀರ್ಮಾನಿಸಬೇಕು. ವರ್ಷವಾರು ಒಡೆದ ಮೇಲೆ ವರ್ಷ ಹೇಳದೆ ಬರೇ ಹೆಸರು ಹೇಳಿ ಕೇಳಿದರೆ ಎಲ್ಲ ಭಾಗಗಳನ್ನೂ ತಡಕಬೇಕಾಗುತ್ತದೆ. ಹತ್ತು ಕಿರ್ದಿ ಪುಸ್ತಕದಲ್ಲಿ ಒಬ್ಬ ಗಿರಾಕಿಯ ಹೆಸರು ಹುಡುಕಿದ ಹಾಗೆ. ಹಾಗೆಂದು ದಿನಕ್ಕೊಂದು ಭಾಗ ಮಾಡುವುದೂ ಜಾಣತನವಲ್ಲ. ಹತ್ತು ವರ್ಷಕ್ಕೆ ಮೂರೂವರೆ ಸಾವಿರಕ್ಕೂ ಹೆಚ್ಚು ಭಾಗಗಳಾಗಿ, ಯಾವುದನ್ನು ತೆರೆಯಬೇಕೆಂದು ಯೋಚಿಸುವುದೇ ಒಂದು ಕೆಲಸವಾದೀತು.

ಇನ್ನೆರಡು ಎಚ್ಚರಿಕೆಗಳಿವೆ. ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್ ಎರಡರಲ್ಲೂ, ಯಾವ ಕಾಲಂ ಮೇಲೆ ಒಡೆಯುತ್ತೀರೋ ಅದು ಟೇಬಲ್ಲಿನ ಮುಖ್ಯ ಕೀಲಿಯಲ್ಲೂ ಇರಲೇಬೇಕು. ಹಾಗಾಗಿ ರಸೀದಿ ಸಂಖ್ಯೆಯೊಂದೇ ಕೀಲಿಯಾಗಿದ್ದ ಟೇಬಲ್ಲನ್ನು ತಾರೀಖಿನ ಮೇಲೆ ಒಡೆದರೆ, ರಸೀದಿ ಸಂಖ್ಯೆ ಮತ್ತು ತಾರೀಖು ಎರಡೂ ಸೇರಿ ಕೀಲಿಯಾಗುತ್ತವೆ. ಆಗ ಒಂದೇ ಸಂಖ್ಯೆಯ ರಸೀದಿ ಎರಡು ವರ್ಷಗಳಲ್ಲಿ ಬಂದರೂ ಡೇಟಾಬೇಸ್ ಸುಮ್ಮನಿರುತ್ತದೆ. ಅದನ್ನು ನೀವೇ ನೋಡಿಕೊಳ್ಳಬೇಕು.

ಎರಡನೆಯದು, ಮುಂದಿನ ವರ್ಷದ ಭಾಗವನ್ನು ಮೊದಲೇ ಮಾಡಿಡುವುದು. ಮರೆತರೆ ಜನವರಿ 1ರಂದು ಬರುವ ಮೊದಲ ಸಾಲಿಗೆ ಹೋಗಲು ಜಾಗವಿರುವುದಿಲ್ಲ. ಡೇಟಾಬೇಸ್ ಅದನ್ನು ತಿರಸ್ಕರಿಸುತ್ತದೆ. ಇದಕ್ಕಾಗಿ ಎಲ್ಲಿಯೂ ಸೇರದ ಸಾಲುಗಳಿಗೆಂದೇ ಒಂದು ಭಾಗವನ್ನು ಇಟ್ಟುಕೊಳ್ಳುವ ಸೌಲಭ್ಯವಿದೆ. ಆದರೂ ದೀಪಾವಳಿಗೆ ಮೊದಲೇ ಹೊಸ ಪುಸ್ತಕ ತಂದಿಡುವುದು ಒಳ್ಳೆಯ ವ್ಯಾಪಾರಿಯ ಲಕ್ಷಣ.

ತುಂಬುವ ಕೆಲಸ

ಪೋಸ್ಟ್‌ಗ್ರೆಸ್‌ನಲ್ಲಿ ಈಗಾಗಲೇ ಇರುವ ಸಾಮಾನ್ಯ ಟೇಬಲ್ಲನ್ನು ಅದು ಇದ್ದ ಹಾಗೆಯೇ ಭಾಗಗಳಿರುವ ಟೇಬಲ್ಲಾಗಿ ಬದಲಾಯಿಸಲು ಬರುವುದಿಲ್ಲ. ಹೊಸದನ್ನು ಮಾಡಿ, ಹಳೆಯದರಲ್ಲಿರುವುದನ್ನು ಅದಕ್ಕೆ ತುಂಬಬೇಕು. ಕ್ರಮ ಹೀಗಿದೆ.

ಮೊದಲು ಹಳೆಯ ಟೇಬಲ್ಲಿನ ಪ್ರತಿ ತೆಗೆದಿಡಿ. ತೆಗೆದರೆ ಸಾಲದು, ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ತುಂಬಿ ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಇಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸಿನ ಸುಮಾರು 300 ಗಿಗಾಬೈಟ್ ಮಾಹಿತಿ ಅಳಿಸಿಹೋಯಿತು. ಪ್ರತಿಗಳನ್ನು ಹುಡುಕಿದರೆ, ದಿನವೂ ಆಗುತ್ತಿದೆ ಎಂದು ನಂಬಿದ್ದ ಕೆಲಸ ಆಗಿರಲೇ ಇಲ್ಲ! ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ನಡುವಿನ ಮಾಹಿತಿ ಹೋಯಿತು. ತಪ್ಪನ್ನು ಮುಚ್ಚಿಡದೆ ಅವರೇ ಎಲ್ಲವನ್ನೂ ಬರೆದು ಪ್ರಕಟಿಸಿದ್ದರಿಂದ ನಮಗೆ ಈ ಪಾಠ ಸಿಕ್ಕಿದೆ.

ಎರಡನೆಯದಾಗಿ, ಹೊಸ ಟೇಬಲ್ ಮತ್ತು ಅದರ ಭಾಗಗಳನ್ನು ಖಾಲಿಯಾಗಿ ಮಾಡಿಕೊಳ್ಳಿ. ಇಂಡೆಕ್ಸ್‌ಗಳನ್ನು ಈಗಲೇ ಹಾಕಬೇಡಿ. ಸಾಲು ತುಂಬಿದಂತೆಲ್ಲಾ ಇಂಡೆಕ್ಸನ್ನೂ ತಿದ್ದುತ್ತಾ ಹೋಗುವುದಕ್ಕಿಂತ, ಎಲ್ಲ ತುಂಬಿದ ಮೇಲೆ ಒಮ್ಮೆಗೇ ಇಂಡೆಕ್ಸ್ ಕಟ್ಟುವುದು ಬೇಗ ಮುಗಿಯುತ್ತದೆ.

ಮೂರನೆಯದಾಗಿ, ಒಂದು ಸಲಕ್ಕೆ ಒಂದು ವರ್ಷದಂತೆ ಕಂತಿನಲ್ಲಿ ತುಂಬಿ. ಐದನೇ ಕಂತಿನಲ್ಲಿ ವಿದ್ಯುತ್ ಹೋದರೆ ಆ ಕಂತನ್ನು ಮಾತ್ರ ಮತ್ತೆ ಮಾಡಿದರಾಯಿತು. ತುಂಬುತ್ತಿರುವಾಗಲೂ ಹಳೆಯ ಟೇಬಲ್ಲಿಗೆ ಹೊಸ ಸಾಲುಗಳು ಬರುತ್ತಿರುತ್ತವೆ ಎಂಬುದು ನೆನಪಿರಲಿ. ಒಂದೋ ಆ ಹೊತ್ತು ಕೌಂಟರ್ ಮುಚ್ಚಬೇಕು, ಇಲ್ಲವೇ ಬಂದದ್ದನ್ನು ಎರಡೂ ಕಡೆ ಬರೆಯುವ ಏರ್ಪಾಡು ಮಾಡಬೇಕು.

ನಾಲ್ಕನೆಯದಾಗಿ, ತಾಳೆ ನೋಡಿ. ಆಮೇಲೆ ಇಂಡೆಕ್ಸ್ ಕಟ್ಟಿ, ಟೇಬಲ್ಲಿನ ಅಂಕಿಅಂಶಗಳನ್ನು ಹೊಸದಾಗಿ ಲೆಕ್ಕ ಹಾಕುವಂತೆ ಡೇಟಾಬೇಸಿಗೆ ಹೇಳಿ, ಕೊನೆಗೆ ಹೆಸರುಗಳನ್ನು ಅದಲುಬದಲು ಮಾಡಿ. ಹೊಸದಕ್ಕೆ ಹಳೆಯ ಹೆಸರು, ಹಳೆಯದಕ್ಕೆ ಬೇರೊಂದು ಹೆಸರು. ಹಳೆಯದನ್ನು ಅಳಿಸಬೇಡಿ.

ಹೇಳಲು ಇಷ್ಟು ಸುಲಭ. ನಮ್ಮ ಎದುರು ಮನೆಯ ಹುಡುಗಿಯ ಕಾಲೇಜಿನಲ್ಲಿ ಎಡವಿದ್ದು ಮೂರು ಮತ್ತು ನಾಲ್ಕನೆಯ ಹೆಜ್ಜೆಗಳ ನಡುವೆ.

ಹನ್ನೆರಡು ಗಂಟೆ ಹೊಡೆದಾಗ

ಆ ಸಂಸ್ಥೆ ಹಲವು ಕಾಲೇಜುಗಳನ್ನು ನಡೆಸುತ್ತದೆ. ಶುಲ್ಕ, ಬಸ್ ಪಾಸ್, ಕ್ಯಾಂಟೀನ್ ಕಾರ್ಡ್ ಎಲ್ಲದರ ಪಾವತಿಗೂ ಒಂದೇ ಟೇಬಲ್. ಹತ್ತು ವರ್ಷದಲ್ಲಿ ಎರಡು ಕೋಟಿ ಸಾಲು ದಾಟಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ ಅದನ್ನು ವರ್ಷವಾರು ಒಡೆದರು. ಕೆಲಸ ಮಾಡಿದವನು ಪದವಿ ಮುಗಿಸಿ ವರ್ಷವಾಗಿದ್ದ ಹುಡುಗ. ಕಂತಿನಲ್ಲೇ ತುಂಬಿದ. ಪ್ರತಿ ಕಂತಿಗೂ "ಜನವರಿ 1ರಿಂದ ಡಿಸೆಂಬರ್ 31ರ ನಡುವಿನ ಸಾಲುಗಳನ್ನು ತೆಗೆದುಕೋ" ಎಂದು ಆಜ್ಞೆ ಬರೆದ. ಓದಿದರೆ ನಿಮಗೂ ಸರಿಯೆಂದೇ ತೋರುತ್ತದೆ, ಅಲ್ಲವೇ?

ಆದರೆ ಆ ಟೇಬಲ್ಲಿನಲ್ಲಿ ತಾರೀಖಿನ ಜೊತೆಗೆ ಗಂಟೆ, ನಿಮಿಷವೂ ಇತ್ತು. ಗಂಟೆ ಹೇಳದೆ ಬರೇ "ಡಿಸೆಂಬರ್ 31" ಎಂದರೆ ಡೇಟಾಬೇಸ್ ಅದನ್ನು ಡಿಸೆಂಬರ್ 31ರ ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ತಿಳಿಯುತ್ತದೆ. ಅಂದರೆ 30ರ ರಾತ್ರಿ ಹನ್ನೆರಡು ಹೊಡೆದ ಆ ಕ್ಷಣ. ಅಲ್ಲಿಂದಾಚೆಗಿನ ಇಪ್ಪತ್ತನಾಲ್ಕು ಗಂಟೆ ಅವನ ಎಲ್ಲೆಯ ಹೊರಗೆ ಉಳಿಯಿತು. ಮುಂದಿನ ಕಂತು ಜನವರಿ 1ರಿಂದ ಶುರು. ಹೀಗೆ ಹತ್ತು ವರ್ಷದ ಹತ್ತು ಡಿಸೆಂಬರ್ 31ಗಳು ಯಾವ ಕಂತಿಗೂ ಸೇರದೆ ಹಿಂದೆ ಉಳಿದವು. ಡೇಟಾಬೇಸ್ ಒಂದು ತಪ್ಪನ್ನೂ ತೋರಿಸಲಿಲ್ಲ. ತೋರಿಸುವುದಾದರೂ ಏನನ್ನು? ಹೇಳಿದ್ದನ್ನು ಅದು ಹೇಳಿದ ಹಾಗೆಯೇ ಮಾಡಿತ್ತು.

ಸರಿಯಾದ ರೀತಿ ಯಾವುದು? "ಜನವರಿ 1 ಅಥವಾ ಅದರ ನಂತರ, ಮುಂದಿನ ವರ್ಷದ ಜನವರಿ 1ಕ್ಕಿಂತ ಮೊದಲು" ಎನ್ನಬೇಕು. ಆರಂಭ ಒಳಗೆ, ಅಂತ್ಯ ಹೊರಗೆ. ಹೀಗೆ ಬರೆದರೆ ಎರಡು ವರ್ಷಗಳ ನಡುವೆ ಸಂದು ಉಳಿಯುವುದಿಲ್ಲ, ಯಾವ ಸಾಲೂ ಎರಡು ಸಲ ಬರುವುದಿಲ್ಲ. ಪೋಸ್ಟ್‌ಗ್ರೆಸ್ ಭಾಗಗಳ ಎಲ್ಲೆಯನ್ನು ಗುರುತಿಸುವುದೂ ಹೀಗೆಯೇ. ಒರಾಕಲ್, ಮೈಎಸ್‌ಕ್ಯುಎಲ್‌ಗಳು "ಇದಕ್ಕಿಂತ ಕಡಿಮೆ" ಎಂದು ಎಲ್ಲೆ ಹಾಕುವುದೂ ಇದೇ ಕಾರಣಕ್ಕೆ. ಆ ಹುಡುಗ ಮಾಡಿದ ಭಾಗಗಳ ಎಲ್ಲೆ ಸರಿಯಾಗಿಯೇ ಇತ್ತು. ತುಂಬುವ ಆಜ್ಞೆಯಲ್ಲಿ ಮಾತ್ರ ತಪ್ಪಿತ್ತು.

ಈ ತಪ್ಪು ಯಾರಿಂದಲೂ ಆಗಬಹುದು. ಹಳಬರೂ ಮಾಡಿದ್ದಾರೆ. ನಿಜವಾದ ಲೋಪ ಅದರ ನಂತರದ್ದು. ಹಳೆಯ ಟೇಬಲ್ಲಿನಲ್ಲಿ ಎಷ್ಟು ಸಾಲು, ಹೊಸದರಲ್ಲಿ ಎಷ್ಟು ಎಂದು ಯಾರೂ ಎಣಿಸಲಿಲ್ಲ. ಎಣಿಸಿದ್ದರೆ ಆ ಭಾನುವಾರ ಸಂಜೆಯೇ ಗೊತ್ತಾಗುತ್ತಿತ್ತು. ಒಂದೆರಡು ಹೆಸರು ಹಾಕಿ ನೋಡಿದರು, ಬಂದವು. ವೇಗವಾಗಿದೆ ಎಂದು ಖುಷಿಪಟ್ಟರು. ಎರಡು ಕೋಟಿ ಸಾಲಿನಲ್ಲಿ ಹತ್ತು ದಿನದ ಸಾಲುಗಳು ಇಲ್ಲವಾದರೆ ಹಾಗೆ ನೋಡಿದವರ ಕಣ್ಣಿಗೆ ಬೀಳುವುದಾದರೂ ಹೇಗೆ? ಬಿದ್ದದ್ದು ಮೇ ತಿಂಗಳಲ್ಲಿ, ಹಾಲ್ ಟಿಕೆಟ್ ಕೌಂಟರಿನ ಮುಂದೆ.

ಒಂದು ಕೆಲಸ ಮಾತ್ರ ಅವರು ಸರಿಯಾಗಿ ಮಾಡಿದ್ದರು. ಹಳೆಯ ಟೇಬಲ್ಲನ್ನು ಬೇರೆ ಹೆಸರಿನಲ್ಲಿ ಹಾಗೆಯೇ ಇಟ್ಟಿದ್ದರು. ಜಾಗ ಉಳಿಸಲು ಮುಂದಿನ ವಾರ ಅದನ್ನು ಅಳಿಸುವವರಿದ್ದರು! ಮೂರು ರಸೀದಿಗಳ ಮೇಲಿನ ಒಂದೇ ತಾರೀಖು ನೋಡಿದ ಹುಡುಗನಿಗೆ ಕ್ಷಣದಲ್ಲಿ ವಿಷಯ ಹೊಳೆಯಿತಂತೆ. ಹಳೆಯ ಟೇಬಲ್ಲಿನಿಂದ ಆ ಹತ್ತು ದಿನಗಳನ್ನು ಹೆಕ್ಕಿ ತಂದು ಸೇರಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಈ ಸಲ ಎಣಿಸಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಕೈಯಲ್ಲಿ ಹಾಲ್ ಟಿಕೆಟ್ ಇತ್ತು. ಆ ಹುಡುಗ ತಾನೇ ಕೌಂಟರಿಗೆ ಬಂದು, "ತಪ್ಪು ನಮ್ಮದು ಸಾರ್, ಕ್ಷಮಿಸಿ" ಎಂದನಂತೆ. ಅದನ್ನು ಹೇಳುವಾಗ ಅವಳ ತಂದೆಯ ಸಿಟ್ಟೆಲ್ಲ ಇಳಿದಿತ್ತು.

ತಾಳೆ ನೋಡುವುದು ಹೇಗೆ?

ಮೂರು ಲೆಕ್ಕ ಸಾಕು. ಒಂದು, ಒಟ್ಟು ಸಾಲುಗಳ ಸಂಖ್ಯೆ, ಮತ್ತು ವರ್ಷವಾರು ಸಂಖ್ಯೆ. ಎರಡು, ಹಣದ ಕಾಲಂನ ಮೊತ್ತ. ಸಂಖ್ಯೆ ಸರಿಯಿದ್ದು ಮೊತ್ತ ಬೇರೆಯಾದರೆ ಒಂದು ಸಾಲು ಎರಡು ಸಲ ಬಂದು ಇನ್ನೊಂದು ಬಿಟ್ಟುಹೋಗಿರಬಹುದು. ಮೂರು, ಎಲ್ಲೆಯ ದಿನಗಳು. ಪ್ರತಿ ವರ್ಷದ ಮೊದಲ ಮತ್ತು ಕೊನೆಯ ದಿನದ ಸಾಲುಗಳನ್ನು ಪ್ರತ್ಯೇಕವಾಗಿ ಎಣಿಸಿ. ತಪ್ಪುಗಳು ಹೆಚ್ಚಾಗಿ ಅಡಗುವುದು ಅಲ್ಲಿಯೇ. ಹಳೆಯ ಕಾಲದ ಗುಮಾಸ್ತರು ಶಿಲ್ಕು ತಾಳೆಯಾಗುವವರೆಗೆ ಅಂಗಡಿಯ ದೀಪ ಆರಿಸುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಆ ನಿಯಮ ಬದಲಾಗಿಲ್ಲ.

ವಿದ್ಯಾರ್ಥಿಗಳೇ, ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಪೋಸ್ಟ್‌ಗ್ರೆಸ್ ಉಚಿತ. ಒಂದು ಟೇಬಲ್ ಮಾಡಿ, ಮೂರು ವರ್ಷದ ತಾರೀಖು ಮತ್ತು ಗಂಟೆಗಳಿರುವ ಹತ್ತು ಲಕ್ಷ ಸಾಲು ತುಂಬಿ. ಇದಕ್ಕೆ 'ಜನರೇಟ್ ಸೀರೀಸ್' ಎಂಬ ಆಜ್ಞೆ ಇದೆ, ಒಂದೇ ಸಾಲಿನ ಕೆಲಸ. ಆಮೇಲೆ ವರ್ಷವಾರು ಭಾಗಗಳಿರುವ ಹೊಸ ಟೇಬಲ್ ಮಾಡಿ, ಮೊದಲು ಆ ಹುಡುಗನ ರೀತಿಯಲ್ಲಿ, ಅನಂತರ ಸರಿಯಾದ ರೀತಿಯಲ್ಲಿ ತುಂಬಿ. ಎರಡು ಸಲವೂ ಎಣಿಸಿ. ಎಷ್ಟು ಸಾಲು ಕಡಿಮೆ ಬಂತು, ಏಕೆ ಅಷ್ಟೇ ಬಂತು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಿ. ಒಂದು ಭಾನುವಾರದ ಈ ಅಭ್ಯಾಸ ಮುಂದೆ ಕೆಲಸಕ್ಕೆ ಸೇರಿದಾಗ ನಿಮ್ಮನ್ನು ಕಾಯುತ್ತದೆ.

ತಂದೆ ತಾಯಿಯರಿಗೆ ಒಂದು ಮಾತು. "ಕಂಪ್ಯೂಟರ್‌ನಲ್ಲಿ ಇಲ್ಲ" ಎಂದರೆ ಹಣ ಕಟ್ಟಿಲ್ಲ ಎಂದಲ್ಲ. ಅಲ್ಲಿಗೆ ಯಾರೋ ತುಂಬಿದ್ದು ಮಾತ್ರ ಅಲ್ಲಿರುತ್ತದೆ. ಆದ್ದರಿಂದ ಮಕ್ಕಳ ಶುಲ್ಕದ ರಸೀದಿಗಳನ್ನು, ಮೊಬೈಲಿನಲ್ಲಿ ಬಂದವನ್ನೂ ಸೇರಿಸಿ, ಕೋರ್ಸ್ ಮುಗಿಯುವವರೆಗೆ ಜೋಪಾನವಾಗಿಡಿ. ಆ ದಿನ ಮೂರು ರಸೀದಿಗಳು ಒಟ್ಟಿಗೆ ಕೌಂಟರಿನ ಮೇಲೆ ಬರದಿದ್ದರೆ, ಮುಂದಿನ ವಾರ ಆ ಹಳೆಯ ಟೇಬಲ್ ಅಳಿಸಿಹೋಗುತ್ತಿತ್ತು.

ಮುಂದಿನ ವಾರ: ಒಂದೇ ಸೀಟನ್ನು ಇಬ್ಬರು ಒಂದೇ ಕ್ಷಣದಲ್ಲಿ ಕಾಯ್ದಿರಿಸಿದರೆ ಡೇಟಾಬೇಸ್ ಏನು ಮಾಡುತ್ತದೆ?